ಕ್ಷುದ್ರಗ್ರಹಾಘಾತದ ಸಂಭವ: ೨೦೨೪ ವೈಆರ್೪ರ ನಿದರ್ಶನದ ಮೂಲಕ ಒಂದು ವಿವೇಚನೆ

೧. ಪ್ರಶ್ನೆಯ ಸ್ವರೂಪ

೨೦೨೫ನೆಯ ಇಸವಿಯ ಜನವರಿ ಕೊನೆಯಿಂದ ಫೆಬ್ರವರಿ ಕೊನೆಯವರೆಗೆ, ಸುಮಾರು ಒಂದು ತಿಂಗಳ ಕಾಲ, ಲೋಕದ ಪತ್ರಿಕೆಗಳಲ್ಲೆಲ್ಲ ಒಂದು ಸಣ್ಣ ಆಕಾಶಕಾಯದ ವಿಚಾರ ಪ್ರಕಟವಾಗುತ್ತಲೇ ಇದ್ದಿತು. ೨೦೨೪ ವೈಆರ್೪ ಎಂಬ ಕ್ಷುದ್ರಗ್ರಹವು ೨೦೩೨ರ ಡಿಸೆಂಬರ್ ೨೨ರಂದು ಭೂಮಿಗೆ ಬಡಿಯುವ ಸಂಭವ ಶೇಕಡ ಒಂದಕ್ಕಿಂತ ಹೆಚ್ಚು ಎಂಬುದು ಮೊದಲ ವಾರ್ತೆ. ಕೆಲವು ದಿನಗಳಲ್ಲಿ ಆ ಅಂಕಿ ಶೇಕಡ ೨ನ್ನು ದಾಟಿತು. ಫೆಬ್ರವರಿ ೧೮ರಂದು ಅಮೆರಿಕದ ನಾಸಾ ಸಂಸ್ಥೆಯ ಗಣನೆಯಲ್ಲಿ ಅದು ಶೇಕಡ ೩.೧ನ್ನು ಮುಟ್ಟಿತು. ಅದಾದ ಒಂದು ವಾರದೊಳಗಾಗಿಯೇ ಲೆಕ್ಕಕ್ಕೆ ಬಾರದಷ್ಟು ಕ್ಷೀಣಿಸಿತು.

ಇದನ್ನು ಓದಿದವರಲ್ಲಿ ಎರಡು ಬಗೆಯ ತೀರ್ಮಾನಕ್ಕೆ ಬಂದವರುಂಟು. ವಿಜ್ಞಾನಿಗಳು ಮೊದಲು ಹೆದರಿಸಿ ಆಮೇಲೆ ತಪ್ಪನ್ನು ತಿದ್ದಿಕೊಂಡರು ಎಂಬುದು ಒಂದು. ಬರಬೇಕಾಗಿದ್ದ ಅಪಾಯ ಹೇಗೋ ತಪ್ಪಿಹೋಯಿತು ಎಂಬುದು ಇನ್ನೊಂದು. ಈ ಎರಡೂ ಯುಕ್ತವಲ್ಲವೆಂಬುದು ನಮ್ಮ ಅಭಿಪ್ರಾಯ. ಆ ಕಾಯದ ಮಾರ್ಗ ಆ ತಿಂಗಳಲ್ಲಿ ಬದಲಾಗಲಿಲ್ಲ; ಗಣನೆಯಲ್ಲಿಯೂ ದೋಷವಿರಲಿಲ್ಲ. ಬದಲಾದುದು ಆ ಮಾರ್ಗವನ್ನು ಕುರಿತು ನಮಗಿದ್ದ ತಿಳಿವು ಮಾತ್ರ. ಈ ಭೇದವನ್ನು ತರಗತಿಯಲ್ಲಿ ಸ್ಪಷ್ಟಪಡಿಸುವುದು ಕೇವಲ ಪಾಂಡಿತ್ಯದ ವಿಷಯವಲ್ಲ. ಇಂಥ ಅಂಕಿ ಮುಂದೊಮ್ಮೆ ಏರಿ, ಇಳಿಯದೆಯೇ ಹೋಗಬಹುದು. ಹಿಂದಿನ ಅಂಕಿಗಳನ್ನೆಲ್ಲ ಹುಸಿ ಕೂಗೆಂದು ಬಗೆದ ಜನ ಆಗ ಎಚ್ಚರಿಕೆಯ ಮಾತಿಗೆ ಕಿವಿಗೊಡಲಾರರು. ಆದುದರಿಂದ ಈ ಸಂಭವವನ್ನು ಹೇಗೆ ಗಣಿಸುತ್ತಾರೆ, ಅದರ ಏರಿಳಿತಕ್ಕೆ ಕಾರಣವೇನು, ಆಘಾತದ ಬಲವೆಷ್ಟು, ಅದನ್ನು ತಪ್ಪಿಸಲು ಸಾಧ್ಯವೇ ಎಂಬ ನಾಲ್ಕು ಅಂಶಗಳನ್ನು ಇಲ್ಲಿ ಅನುಕ್ರಮವಾಗಿ ವಿವೇಚಿಸುತ್ತೇವೆ.

೨. ಶೋಧನೆಯ ಪೂರ್ವೇತಿಹಾಸ

ಕ್ಷುದ್ರಗ್ರಹಗಳೆಂದರೆ ಗ್ರಹಗಳಂತೆಯೇ ಸೂರ್ಯನನ್ನು ಸುತ್ತುತ್ತಿರುವ, ಆದರೆ ಗಾತ್ರದಲ್ಲಿ ಗ್ರಹಗಳೆನಿಸಿಕೊಳ್ಳಲಾರದ ಶಿಲಾಕಾಯಗಳು ಮತ್ತು ಲೋಹಕಾಯಗಳು. ಇವುಗಳಲ್ಲಿ ಬಹುಪಾಲು ಮಂಗಳ ಮತ್ತು ಗುರುಗ್ರಹಗಳ ನಡುವಣ ಪಟ್ಟಿಯಲ್ಲಿ ಸಂಚರಿಸುತ್ತವೆ. ಮೊದಲು ಕಂಡುಬಂದ, ಈಗ ಕುಬ್ಜಗ್ರಹವೆಂದು ಎಣಿಸಲ್ಪಡುವ ಸೆರೀಸನ್ನು ಸಿಸಿಲಿ ದ್ವೀಪದ ಪಲೆರ್ಮೊ ನಗರದಲ್ಲಿ ಪಿಯಾಜಿಯು ೧೮೦೧ರ ಜನವರಿ ೧ರಂದು ಗುರುತಿಸಿದನು. ಸುಮಾರು ನಲವತ್ತು ದಿನ ನೋಡುವಷ್ಟರಲ್ಲಿ ಅದು ಸೂರ್ಯನ ಬೆಳಕಿನಲ್ಲಿ ಮರೆಯಾಯಿತು. ಅಷ್ಟು ಅಲ್ಪಕಾಲದ ವೀಕ್ಷಣೆಯಿಂದ ಪೂರ್ಣಕಕ್ಷೆಯನ್ನು ನಿರ್ಣಯಿಸುವ ವಿಧಾನವನ್ನು ಇಪ್ಪತ್ತನಾಲ್ಕು ವಯಸ್ಸಿನ ಗೌಸ್ ರೂಪಿಸಿದನು. ಆ ವರ್ಷದ ಕೊನೆಯಲ್ಲಿ, ಗೌಸ್ ಸೂಚಿಸಿದ ಸ್ಥಾನದ ಸಮೀಪದಲ್ಲಿಯೇ ಸೆರೀಸ್ ಮತ್ತೆ ಕಾಣಿಸಿಕೊಂಡಿತು. ಇಂದು ಆಘಾತದ ಸಂಭವವನ್ನು ಗಣಿಸುವ ಶಾಸ್ತ್ರಕ್ಕೆ ಅದೇ ಬುನಾದಿ.

ನಮ್ಮ ದೇಶವೂ ಈ ಕಾರ್ಯದಲ್ಲಿ ಪಾಲುಗೊಂಡಿದೆ. ಮದರಾಸಿನ ವೇಧಶಾಲೆಯಲ್ಲಿ ಪಾಗ್ಸನ್ ೧೮೬೧ರಲ್ಲಿ ಕಂಡ ಕ್ಷುದ್ರಗ್ರಹಕ್ಕೆ ಏಷ್ಯಾ ಎಂದೇ ಹೆಸರಾಯಿತು. ಬೆಂಗಳೂರಿನ ಭಾರತೀಯ ತಾರಾಭೌತ ಸಂಸ್ಥೆಗೆ ಸೇರಿದ ಕಾವಲೂರು ವೇಧಶಾಲೆಯಲ್ಲಿ ರಾಜಮೋಹನ್ ಅವರು ೧೯೮೮ರಲ್ಲಿ ಕಂಡುಹಿಡಿದ ೪೧೩೦ನೆಯ ಕ್ಷುದ್ರಗ್ರಹ ರಾಮಾನುಜನ್ ಅವರ ಹೆಸರನ್ನು ಧರಿಸಿದೆ.

ಈ ಕಾಯಗಳೆಲ್ಲವೂ ಪಟ್ಟಿಯೊಳಗೇ ಇರುವುದಿಲ್ಲವೆಂಬುದು ೧೮೯೮ರಲ್ಲಿ ಈರೋಸ್ ಕಂಡಾಗ ತಿಳಿಯಿತು. ೧೯೩೨ರಲ್ಲಿ ಗೋಚರಿಸಿದ ಅಪೊಲೊ ಎಂಬುದು ಭೂಕಕ್ಷೆಯನ್ನೇ ದಾಟಿ ಒಳಬರುವಂಥದು. ೧೯೩೭ರ ಅಕ್ಟೋಬರಿನಲ್ಲಿ ಹರ್ಮೀಸ್ ಎಂಬುದು ಚಂದ್ರನ ದೂರದ ಎರಡರಷ್ಟಕ್ಕಿಂತಲೂ ಕಡಮೆ ಅಂತರದಲ್ಲಿ ಭೂಮಿಯನ್ನು ದಾಟಿ ಹೋಯಿತು. ಕೆಲವೇ ದಿನ ಕಂಡು ಕಳೆದುಹೋದ ಅದನ್ನು ಮತ್ತೆ ಗುರುತಿಸಿದುದು ೨೦೦೩ರಲ್ಲಿ. ಅರುವತ್ತಾರು ವರ್ಷ ಅದು ಎಲ್ಲಿದೆಯೆಂಬುದನ್ನು ಯಾರೂ ಅರಿಯದಿದ್ದರು. ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

೩. ಸಂಭವದ ಗಣನೆ

ಕ್ಷುದ್ರಗ್ರಹವೊಂದು ದೂರದರ್ಶಕಕ್ಕೆ ಕಾಣುವುದು ನಕ್ಷತ್ರಗಳ ನಡುವೆ ಸರಿಯುವ ಒಂದು ಬೆಳಕಿನ ಚುಕ್ಕೆಯಾಗಿ. ಪ್ರತಿಯೊಂದು ವೀಕ್ಷಣೆಯೂ ನಮಗೆ ಕೊಡುವುದು ದಿಕ್ಕನ್ನೇ ಹೊರತು ದೂರವನ್ನಲ್ಲ. ಆ ದಿಕ್ಕಿನಲ್ಲಿಯೂ ಅಳತೆಯ ಅಲ್ಪದೋಷ ಇದ್ದೇ ಇರುತ್ತದೆ. ಆದುದರಿಂದ ಕೆಲವು ದಿನಗಳ ವೀಕ್ಷಣೆಗೆ ಹೊಂದುವ ಕಕ್ಷೆ ಒಂದೇ ಆಗಿರದೆ, ಒಂದಕ್ಕೊಂದು ಸಮೀಪವಾದ ಅಸಂಖ್ಯ ಕಕ್ಷೆಗಳ ಸಮೂಹವಾಗಿರುತ್ತದೆ. ಇಂದು ಈ ಕಕ್ಷೆಗಳೆಲ್ಲ ಒತ್ತಾಗಿ ಕೂಡಿಕೊಂಡಿದ್ದರೂ, ವರ್ಷಗಳು ಕಳೆದಂತೆ ಅವುಗಳ ಅಂತರ ಹಿಗ್ಗುತ್ತ ಹೋಗುತ್ತದೆ. ಒಂದರ ಪರಿಭ್ರಮಣಾವಧಿ ಇನ್ನೊಂದಕ್ಕಿಂತ ಕೆಲವು ನಿಮಿಷ ಹೆಚ್ಚಾಗಿದ್ದರೆ, ಸುತ್ತು ಸುತ್ತಿಗೂ ಆ ವ್ಯತ್ಯಾಸ ಕೂಡುತ್ತ ಹೋಗುವುದೇ ಇದಕ್ಕೆ ಕಾರಣ. ಇದರ ಫಲವಾಗಿ, ಮುಂದಿನ ಒಂದು ನಿಶ್ಚಿತ ದಿನದಲ್ಲಿ ಆ ಕಾಯ ಇರಬಹುದಾದ ಸ್ಥಾನಗಳು ಒಂದು ನೀಳವಾದ ನೂಲಿನಂತೆ ಆಕಾಶದಲ್ಲಿ ಚಾಚಿಕೊಂಡಿರುತ್ತವೆ. ಕಾಯ ಆ ನೂಲಿನ ಮೇಲೆ ಎಲ್ಲಿಯೋ ಒಂದು ಕಡೆ ಇದೆ. ಎಲ್ಲಿ ಎಂಬುದು ತಿಳಿಯದು. ಆ ನೂಲು ಭೂಮಿಯ ಮೇಲೆ ಹಾಯ್ದಿದ್ದರೆ ಆಘಾತದ ಸಂಭವ ಸೊನ್ನೆಯಾಗಿರದು.

ಈಗ ಒಂದು ಸರಳವಾದ ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಆ ನೂಲಿನ ಉದ್ದ ಭೂಮಿಯ ವ್ಯಾಸದ ನೂರರಷ್ಟಿದೆಯೆಂದೂ, ಅದರ ಎಲ್ಲ ಭಾಗಗಳಲ್ಲಿಯೂ ಕಾಯವಿರುವ ಸಂಭವ ಸಮನೆಂದೂ ಭಾವಿಸೋಣ. ನೂರು ಭಾಗಗಳಲ್ಲಿ ಭೂಮಿ ಆವರಿಸಿರುವುದು ಒಂದನ್ನು. ಆದುದರಿಂದ ಸಂಭವ ಶೇಕಡ ೧. ಹೊಸ ವೀಕ್ಷಣೆಗಳಿಂದ ನೂಲು ಅರ್ಧಕ್ಕೆ ಮೊಟಕಾಯಿತೆನ್ನೋಣ. ಉಳಿದ ಐವತ್ತು ಭಾಗಗಳಲ್ಲಿ ಭೂಮಿಯೂ ಸೇರಿದ್ದರೆ ಸಂಭವ ಶೇಕಡ ೨ ಆಗುತ್ತದೆ, ಸೇರಿರದಿದ್ದರೆ ಸೊನ್ನೆಯಾಗುತ್ತದೆ. ಈ ಎರಡು ಫಲಗಳೂ ಸಮಸಂಭವವಾದುವು; ಅವುಗಳ ಸರಾಸರಿ ಶೇಕಡ ಒಂದೇ. ಎಂದರೆ, ನಾಳೆಯ ಅಂಕಿ ಇಂದಿನದಕ್ಕಿಂತ ಹೆಚ್ಚಾಗುವುದೋ ಕಡಮೆಯಾಗುವುದೋ ಎಂದು ಮುಂಗಡವಾಗಿ ಹೇಳಬರುವುದಿಲ್ಲ; ಹೇಳಬರುವಂತಿದ್ದರೆ ಇಂದೇ ಆ ಅಂಕಿಯನ್ನು ತಿದ್ದಬೇಕಾಗುತ್ತಿತ್ತು.

ಇದರಿಂದ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ಭೂಮಿಯಿಂದ ದೂರವಾದ ತುದಿಗಳು ಕತ್ತರಿಸಿಹೋಗುತ್ತಿರುವವರೆಗೆ ಸಂಭವ ಮೆಲ್ಲಮೆಲ್ಲಗೆ ಏರುತ್ತದೆ. ಕತ್ತರಿ ಭೂಮಿಯಿರುವ ಭಾಗವನ್ನೇ ತಲಪಿದಾಗ ಅದು ಒಮ್ಮೆಗೇ ಬೀಳುತ್ತದೆ. ಏರಿಕೆ ನಿಧಾನ, ಇಳಿಕೆ ಹಠಾತ್. ಆದುದರಿಂದ ಏರುತ್ತಿರುವ ಅಂಕಿಯನ್ನು ಕಂಡು ಅಪಾಯ ಹತ್ತಿರವಾಗುತ್ತಿದೆಯೆಂದು ಬಗೆಯುವುದೂ ಸರಿಯಲ್ಲ. ಥಟ್ಟನೆ ಇಳಿದುದನ್ನು ಕಂಡು ಮೊದಲಿನ ಲೆಕ್ಕ ತಪ್ಪೆಂದು ತಿಳಿಯುವುದೂ ಸರಿಯಲ್ಲ. ಶೇಕಡ ೩ರ ಅಂಕಿಯನ್ನು ಪಡೆದ ನೂರು ಕಾಯಗಳನ್ನು ಕಲ್ಪಿಸಿಕೊಂಡರೆ, ಅವುಗಳಲ್ಲಿ ತೊಂಬತ್ತೇಳರಷ್ಟರ ಕಥೆ ಸೊನ್ನೆಯಲ್ಲಿಯೇ ಮುಗಿಯಬೇಕು. ಮೂರರ ಕಥೆ ಮಾತ್ರ ಹಾಗೆ ಮುಗಿಯುವುದಿಲ್ಲ. ಆ ಮೂರು ಯಾವುವೆಂಬುದು ಮೊದಲೇ ತಿಳಿಯದಿರುವುದರಿಂದ ನೂರನ್ನೂ ಅಷ್ಟೇ ಶ್ರದ್ಧೆಯಿಂದ ಹಿಂಬಾಲಿಸಬೇಕಾಗುತ್ತದೆ.

೪. ಎರಡು ನಿದರ್ಶನಗಳು

ಮೇಲೆ ಹೇಳಿದುದನ್ನು ಈಗ ವಾಸ್ತವ ಸಂಗತಿಗಳೊಡನೆ ಹೋಲಿಸಿ ನೋಡಬಹುದು. ೨೦೨೪ ವೈಆರ್೪ ಮೊದಲು ಕಂಡದ್ದು ೨೦೨೪ರ ಡಿಸೆಂಬರ್ ೨೭ರಂದು, ಚಿಲಿ ದೇಶದಲ್ಲಿರುವ ಅಟ್ಲಾಸ್ ಎಂಬ ಸ್ವಯಂಚಾಲಿತ ದೂರದರ್ಶಕಕ್ಕೆ. ಅದಕ್ಕೆ ಎರಡು ದಿನ ಮೊದಲೇ ಅದು ಭೂಮಿಗೆ ಅತ್ಯಂತ ಸಮೀಪದಲ್ಲಿ, ಸುಮಾರು ೮ ಲಕ್ಷ ೩೦ ಸಾವಿರ ಕಿಲೋಮೀಟರು ದೂರದಲ್ಲಿ, ಹಾದುಹೋಗಿದ್ದಿತು. ಸೂರ್ಯನನ್ನು ಅದು ಒಮ್ಮೆ ಸುತ್ತಲು ಸುಮಾರು ನಾಲ್ಕು ವರ್ಷ ಬೇಕು. ಜನವರಿ ೨೭ರ ವೇಳೆಗೆ ಸಂಭವ ಶೇಕಡ ೧ನ್ನು ದಾಟಿತು. ವಿಶ್ವಸಂಸ್ಥೆಯ ಅನುಮೋದನೆಯಿಂದ ಏರ್ಪಟ್ಟಿರುವ ಅಂತರರಾಷ್ಟ್ರೀಯ ಕ್ಷುದ್ರಗ್ರಹ ಮುನ್ನೆಚ್ಚರಿಕಾ ಜಾಲವು ೨೯ರಂದು ಸೂಚನಾಪತ್ರವನ್ನು ಹೊರಡಿಸಿತು. ಆಘಾತ ನಡೆಯುವುದಾದರೆ ಅದು ಬೀಳಬಹುದಾದ ಪಟ್ಟಿ ಪೂರ್ವ ಪೆಸಿಫಿಕ್ ಸಾಗರದಿಂದ ಮೊದಲಾಗಿ, ದಕ್ಷಿಣ ಅಮೆರಿಕದ ಉತ್ತರಭಾಗ, ಅಟ್ಲಾಂಟಿಕ್ ಸಾಗರ, ಆಫ್ರಿಕ, ಅರಬ್ಬೀ ಸಮುದ್ರಗಳ ಮೇಲೆ ಹಾಯ್ದು ದಕ್ಷಿಣ ಏಷ್ಯದವರೆಗೂ ಚಾಚಿದ್ದಿತು. ನಮಗೆ ಇದು ಕೇವಲ ದೂರದ ವಾರ್ತೆಯಾಗಿರಲಿಲ್ಲ.

ಫೆಬ್ರವರಿ ೧೮ರಂದು ಶೇಕಡ ೩.೧ ಇದ್ದುದು ಎರಡು ದಿನಗಳಲ್ಲಿ ಅದರ ಅರ್ಧಕ್ಕಿಳಿಯಿತು. ೨೪ರ ವೇಳೆಗೆ ಶೇಕಡ ೦.೦೦೪ ಆಯಿತು. ಸಂಭವವನ್ನೂ ಶಕ್ತಿಯನ್ನೂ ಕೂಡಿಸಿ ಸೊನ್ನೆಯಿಂದ ಹತ್ತರವರೆಗೆ ಎಣಿಸುವ ಟೊರಿನೊ ಮಾನದಲ್ಲಿ ೩ನೆಯ ಅಂತಸ್ತಿನಲ್ಲಿದ್ದ ಕಾಯ ಸೊನ್ನೆಗೆ ಇಳಿಯಿತು. ನೂಲು ಮೊಟಕಾಗುತ್ತ ಬಂದು ಭೂಮಿಯನ್ನು ಹೊರಗೆ ಬಿಟ್ಟಿತು, ಅಷ್ಟೆ. ಆದರೆ ಚಂದ್ರ ಇನ್ನೂ ಆ ನೂಲಿನೊಳಗೇ ಇದ್ದುದರಿಂದ, ಚಂದ್ರನಿಗೆ ಅದು ತಾಗುವ ಸಂಭವವನ್ನು ೨೦೨೫ರ ಜೂನಿನ ಗಣನೆಯಲ್ಲಿ ಶೇಕಡ ೪.೩ ಎಂದು ಎಣಿಸಿದರು. ಈ ಅಂಕಿಯೂ ಅಂದಿನ ತಿಳಿವಿಗೆ ಸೇರಿದುದು. ಹೊಸ ವೀಕ್ಷಣೆಗಳಿಂದ ಬದಲಾಗತಕ್ಕದ್ದೇ ಅದರ ಧರ್ಮ.

ಇದಕ್ಕೆ ಇಪ್ಪತ್ತು ವರ್ಷ ಹಿಂದೆಯೂ ಇಂಥದೇ ಪ್ರಸಂಗ ನಡೆದಿದ್ದಿತು. ೨೦೦೪ರ ಜೂನಿನಲ್ಲಿ ಕಂಡ, ಸುಮಾರು ೩೪೦ ಮೀಟರು ಅಗಲದ ಅಪೊಫಿಸ್ ಎಂಬುದು ೨೦೨೯ರ ಏಪ್ರಿಲ್ ೧೩ರಂದು ಭೂಮಿಗೆ ಬಡಿಯುವ ಸಂಭವ ಆ ವರ್ಷದ ಡಿಸೆಂಬರಿನಲ್ಲಿ ಶೇಕಡ ೨.೭ರವರೆಗೆ ಏರಿತು. ಟೊರಿನೊ ಮಾನದಲ್ಲಿ ಅದು ಮುಟ್ಟಿದ ೪ನೆಯ ಅಂತಸ್ತನ್ನು ಅದಕ್ಕೆ ಹಿಂದೆ ಯಾವ ಕಾಯವೂ ಮುಟ್ಟಿರಲಿಲ್ಲ. ಹಿಂದೂಮಹಾಸಾಗರದ ಭೀಕರ ಸುನಾಮಿ ಡಿಸೆಂಬರ್ ೨೬ರಂದು ನಡೆದುದರಿಂದ ಲೋಕದ ಗಮನ ಆಗ ಅತ್ತ ಇದ್ದಿತು. ಆ ವರ್ಷದ ಮಾರ್ಚಿಯಲ್ಲಿಯೇ ತೆಗೆದಿದ್ದು, ಯಾರೂ ಗುರುತಿಸದೆ ಉಳಿದಿದ್ದ ಛಾಯಾಚಿತ್ರಗಳಲ್ಲಿ ಆ ಕಾಯ ಪತ್ತೆಯಾಗಿ, ೨೦೨೯ರ ಆಘಾತದ ಶಂಕೆ ಪರಿಹಾರವಾಯಿತು. ೨೦೨೧ರ ರೇಡಾರ್ ಅಳತೆಗಳು ಮುಂದಿನ ನೂರು ವರ್ಷಗಳಲ್ಲಿಯೂ ಅದರಿಂದ ಭಯವಿಲ್ಲವೆಂದು ತೋರಿಸಿದುವು. ೨೦೨೯ರಲ್ಲಿ ಅದು ಭೂತಲದಿಂದ ಸುಮಾರು ೩೨,೦೦೦ ಕಿಲೋಮೀಟರು ಎತ್ತರದಲ್ಲಿ, ಎಂದರೆ ಭೂಸ್ಥಿರ ಉಪಗ್ರಹಗಳ ಕಕ್ಷೆಗಿಂತ ಕೆಳಗೆ, ಹಾಯ್ದು ಹೋಗತಕ್ಕದ್ದು.

೫. ಆಘಾತದ ಬಲ

ಸಂಭವದ ಜೊತೆಗೆ ಗಣನೀಯವಾದ ಎರಡನೆಯ ಅಂಶ ಶಕ್ತಿ. ಚಲನಶಕ್ತಿ ದ್ರವ್ಯರಾಶಿಯನ್ನೂ ವೇಗದ ವರ್ಗವನ್ನೂ ಅನುಸರಿಸುತ್ತದೆ. ದ್ರವ್ಯರಾಶಿ ವ್ಯಾಸದ ಘನವನ್ನು ಅನುಸರಿಸುತ್ತದೆ. ಆದುದರಿಂದ ವ್ಯಾಸ ಇಮ್ಮಡಿಯಾದರೆ ಶಕ್ತಿ ಎಂಟು ಮಡಿಯಾಗುತ್ತದೆ. ವ್ಯಾಸವನ್ನು ತಿಳಿಯುವುದಾದರೂ ಸುಲಭವಲ್ಲ. ಚಿಕ್ಕದಾದ ಬಿಳುಪು ಕಲ್ಲೂ ದೊಡ್ಡದಾದ ಕಪ್ಪು ಕಲ್ಲೂ ದೂರದಿಂದ ಒಂದೇ ಹೊಳಪಿನಿಂದ ಕಾಣಬಹುದು. ವೈಆರ್೪ರ ಅಗಲವನ್ನು ಮೊದಲು ೪೦ರಿಂದ ೯೦ ಮೀಟರಿನೊಳಗೆಂದು ಹೇಳಿದ್ದರು. ಈ ಎರಡು ಮಿತಿಗಳಲ್ಲಿ ಶಕ್ತಿಯ ವ್ಯತ್ಯಾಸ ಹನ್ನೊಂದು ಮಡಿಗೂ ಮೇಲು. ೨೦೨೫ರ ಮಾರ್ಚಿಯಲ್ಲಿ ಜೇಮ್ಸ್ ವೆಬ್ ಆಕಾಶ ದೂರದರ್ಶಕವು ಅದು ಹೊರಸೂಸುವ ಶಾಖವನ್ನು ಅಳೆದು, ಅಗಲ ಸುಮಾರು ೬೦ ಮೀಟರೆಂದು ತಿಳಿಸಿತು. ಸಾಂದ್ರತೆ ನೀರಿನ ಎರಡೂವರೆಯಷ್ಟು, ವೇಗ ಸೆಕೆಂಡಿಗೆ ೧೭ ಕಿಲೋಮೀಟರು ಎಂದು ಭಾವಿಸಿದರೆ, ಶಕ್ತಿ ಸುಮಾರು ಒಂದು ಕೋಟಿ ಟನ್ನು ಟಿ.ಎನ್.ಟಿ.ಗೆ ಸಮನಾಗುತ್ತದೆಂದು ವಿದ್ಯಾರ್ಥಿಗಳೇ ಗುಣಿಸಿ ನೋಡಬಹುದು. ಹಿರೋಷಿಮಾದ ಬಾಂಬಿನ ಶಕ್ತಿ ಸುಮಾರು ಹದಿನೈದು ಸಾವಿರ ಟನ್ನು.

ಇಂಥ ಬಲದ ಪರಿಣಾಮಕ್ಕೆ ಪ್ರತ್ಯಕ್ಷ ಸಾಕ್ಷ್ಯಗಳಿವೆ. ೧೯೦೮ರ ಜೂನ್ ೩೦ರಂದು ಸೈಬೀರಿಯದ ತುಂಗುಸ್ಕ ಪ್ರದೇಶದ ಮೇಲೆ ಆಕಾಶದಲ್ಲಿಯೇ ಸಿಡಿದ ಕಾಯವೊಂದು ಎರಡು ಸಾವಿರ ಚದರ ಕಿಲೋಮೀಟರಿಗೂ ಮೀರಿದ ಅರಣ್ಯವನ್ನು ನೆಲಕ್ಕೊರಗಿಸಿತು. ನೆಲದಲ್ಲಿ ಕುಳಿ ಮಾತ್ರ ಉಂಟಾಗಲಿಲ್ಲ. ಅದಕ್ಕಿಂತ ಗಟ್ಟಿಯಾದ ಆಘಾತದ ಗುರುತು ನಮ್ಮ ದಖನ್ನಿನ ಕಪ್ಪು ಶಿಲೆಯಲ್ಲಿಯೇ ಉಂಟು: ಮಹಾರಾಷ್ಟ್ರದ ಬುಲ್ಢಾಣ ಜಿಲ್ಲೆಯಲ್ಲಿರುವ, ಸುಮಾರು ೧.೮ ಕಿಲೋಮೀಟರು ಅಗಲದ ಲೋಣಾರ್ ಸರೋವರ. ೬.೬ ಕೋಟಿ ವರ್ಷಗಳ ಹಿಂದೆ ಮೆಕ್ಸಿಕೊ ದೇಶದ ಚಿಕ್ಸುಲುಬ್ ಎಂಬಲ್ಲಿ ನಡೆದ ಮಹಾಘಾತವನ್ನು ಡೈನೋಸಾರುಗಳ ನಾಶದೊಡನೆ ಕೂಡಿಸಿ ಎಲ್ಲರೂ ಬಲ್ಲರು. ಅಷ್ಟು ದೊಡ್ಡವು ಅತಿ ವಿರಳ, ಚಿಕ್ಕವು ಹೆಚ್ಚು.

ಚಿಕ್ಕವುಗಳಿಂದ ಕಲಿಯಬೇಕಾದ ಪಾಠ ೨೦೧೩ರ ಫೆಬ್ರವರಿ ೧೫ರಂದು ರಷ್ಯದ ಚೆಲ್ಯಾಬಿನ್ಸ್ಕ್ ನಗರದಲ್ಲಿ ದೊರೆಯಿತು. ಸುಮಾರು ೨೦ ಮೀಟರು ಅಗಲದ ಕಾಯ ಸೂರ್ಯನಿದ್ದ ದಿಕ್ಕಿನಿಂದಲೇ ಬಂದುದರಿಂದ ಯಾವ ದೂರದರ್ಶಕಕ್ಕೂ ಕಾಣಲಿಲ್ಲ. ಅದು ಸುಮಾರು ೩೦ ಕಿಲೋಮೀಟರು ಎತ್ತರದಲ್ಲಿ ಸಿಡಿಯಿತು. ಬೆಳಕನ್ನು ಕಂಡ ಜನ ಕುತೂಹಲದಿಂದ ಕಿಟಕಿಗಳ ಬಳಿಗೆ ಹೋದರು. ಒಂದೆರಡು ನಿಮಿಷಗಳ ಮೇಲೆ ಬಂದ ಗಾಳಿಯ ಹೊಡೆತಕ್ಕೆ ಗಾಜುಗಳು ಒಡೆದು ಸುಮಾರು ೧,೫೦೦ ಮಂದಿ ಗಾಯಗೊಂಡರು. ಒಂದು ಶಾಲೆಯ ಉಪಾಧ್ಯಾಯಿನಿಯೊಬ್ಬರು, ಬೆಳಕೇನೆಂಬುದು ತಿಳಿಯದಿದ್ದರೂ, ತರಗತಿಯ ಮಕ್ಕಳನ್ನೆಲ್ಲ ಮೇಜುಗಳ ಕೆಳಗೆ ಕೂರಿಸಿದರು. ಮಕ್ಕಳಲ್ಲಿ ಒಬ್ಬರಿಗೂ ಗಾಯವಾಗಲಿಲ್ಲ. ಗಾಜು ಅವರ ಕೈಯನ್ನೇ ಸೀಳಿತು. ಬೆಳಕಿನ ವೇಗಕ್ಕೂ ಶಬ್ದದ ವೇಗಕ್ಕೂ ಇರುವ ಅಂತರವನ್ನು ನಾವು ಪ್ರತಿವರ್ಷವೂ ಬೋಧಿಸುತ್ತೇವೆ. ಆ ಅಂತರವೇ ಪ್ರಾಣರಕ್ಷಣೆಯ ಅವಕಾಶವಾಗಬಹುದೆಂಬುದನ್ನೂ ಜೊತೆಗೆ ಹೇಳುವುದು ಒಳ್ಳೆಯದು.

೬. ನಿವಾರಣೆಯ ಸಾಧ್ಯತೆ

ಭೂಮಿ ತನ್ನ ಕಕ್ಷೆಯಲ್ಲಿ ಸೆಕೆಂಡಿಗೆ ಸುಮಾರು ೩೦ ಕಿಲೋಮೀಟರು ವೇಗದಿಂದ ಚಲಿಸುತ್ತಿದೆ. ಅದರ ವ್ಯಾಸ ೧೨,೭೫೦ ಕಿಲೋಮೀಟರು. ಎಂದರೆ ತನ್ನ ವ್ಯಾಸದಷ್ಟು ದೂರ ಸಾಗಲು ಅದಕ್ಕೆ ಸುಮಾರು ಏಳು ನಿಮಿಷ ಸಾಕು. ಆದುದರಿಂದ ಆಘಾತವನ್ನು ತಪ್ಪಿಸುವುದೆಂದರೆ ಬರುತ್ತಿರುವ ಬಂಡೆಯನ್ನು ಪುಡಿಮಾಡುವುದೇ ಎಂದು ತಿಳಿಯಬೇಕಾಗಿಲ್ಲ. ಸ್ಥೂಲವಾಗಿ ಹೇಳುವುದಾದರೆ, ಅದು ಕೆಲವು ನಿಮಿಷ ಮೊದಲು ಅಥವಾ ತಡವಾಗಿ ಬರುವಂತೆ ಮಾಡಿದರೆ ಆಯಿತು. ಹತ್ತು ವರ್ಷ ಮುಂಚಿತವಾಗಿ ಅದರ ವೇಗವನ್ನು ಚಲನೆಯ ದಿಕ್ಕಿನಲ್ಲಿ ಸೆಕೆಂಡಿಗೆ ಒಂದೇ ಸೆಂಟಿಮೀಟರಿನಷ್ಟು ಹೆಚ್ಚಿಸಿದೆವೆನ್ನೋಣ. ಹತ್ತು ವರ್ಷಕ್ಕೆ ಸುಮಾರು ೩೧.೫ ಕೋಟಿ ಸೆಕೆಂಡು; ಬರಿಯ ಗುಣಾಕಾರದಿಂದ ೩,೧೫೦ ಕಿಲೋಮೀಟರು ದೊರೆಯುತ್ತದೆ. ವಾಸ್ತವದಲ್ಲಿ, ವೇಗ ಹೆಚ್ಚಿದ ಕಾಯ ದೊಡ್ಡ ಕಕ್ಷೆಯನ್ನು ಹಿಡಿದು, ಸುತ್ತಿಗೆ ಹೆಚ್ಚು ಕಾಲ ತೆಗೆದುಕೊಂಡು, ಹಿಂದೆ ಬೀಳುತ್ತದೆ. ಹೀಗೆ ಹಿಂದೆ ಬೀಳುವ ದೂರ ಮೇಲಿನದಕ್ಕೆ ಸುಮಾರು ಮೂರರಷ್ಟು. ಸುಮಾರು ೯,೫೦೦ ಕಿಲೋಮೀಟರಿನ ಈ ವ್ಯತ್ಯಾಸ ಭೂಮಿಯ ತ್ರಿಜ್ಯಕ್ಕಿಂತ ಹೆಚ್ಚಿನದು. ಒಂದೇ ವರ್ಷ ಮುಂಚಿತವಾಗಿ ತಿಳಿದರೆ ಹತ್ತರಷ್ಟು ದೊಡ್ಡ ತಳ್ಳಿಕೆ ಬೇಕು. ಕಾಲವೇ ಇಲ್ಲಿ ಬಲ.

ಇದು ಕಾಗದದ ಮೇಲಿನ ಲೆಕ್ಕವಾಗಿಯೇ ಉಳಿದಿಲ್ಲ. ೨೦೨೨ರ ಸೆಪ್ಟೆಂಬರ್ ೨೬ರಂದು ನಾಸಾದ ಡಾರ್ಟ್ ಎಂಬ ನೌಕೆ ಡೈಮಾರ್ಫಸ್ ಎಂಬ ಸುಮಾರು ೧೬೦ ಮೀಟರು ಅಗಲದ ಕಾಯಕ್ಕೆ ಸೆಕೆಂಡಿಗೆ ಆರು ಕಿಲೋಮೀಟರಿಗೂ ಮೀರಿದ ವೇಗದಿಂದ ಬಡಿಯಿತು. ಡೈಮಾರ್ಫಸ್ ತನ್ನ ಹಿರಿಯ ಸಂಗಾತಿಯಾದ ಡಿಡಿಮಾಸನ್ನು ಸುತ್ತುವ ಅವಧಿ ೧೧ ಗಂಟೆ ೫೫ ನಿಮಿಷವಿದ್ದುದು ಸುಮಾರು ೩೨ ನಿಮಿಷ ಕಡಮೆಯಾಯಿತು. ೭೩ ಸೆಕೆಂಡು ಕಡಮೆಯಾದರೂ ಪ್ರಯೋಗ ಸಫಲವೆಂದು ಮೊದಲೇ ನಿಶ್ಚಯಿಸಿದ್ದರು. ಹೊಡೆತಕ್ಕೆ ಸಿಡಿದು ಹೊರಬಿದ್ದ ಕಲ್ಲುಪುಡಿಯ ಹಿಮ್ಮೆಟ್ಟಿಕೆಯೂ ಸೇರಿದುದರಿಂದ ಪರಿಣಾಮ ಅಷ್ಟು ಹೆಚ್ಚಾಯಿತು. ಆ ಸ್ಥಳವನ್ನು ಸಮೀಪದಿಂದ ಪರೀಕ್ಷಿಸಲು ಐರೋಪ್ಯ ಆಕಾಶಸಂಸ್ಥೆಯ ಹೆರಾ ನೌಕೆ ೨೦೨೪ರ ಅಕ್ಟೋಬರಿನಲ್ಲಿ ಹೊರಟಿತು.

೭. ಉಪಸಂಹಾರ

ತಳ್ಳಬೇಕಾದರೆ ಮೊದಲು ಕಾಣಬೇಕು. ಭೂಮಿಯ ನೆರೆಗೆ ಬರುವ, ಒಂದು ಕಿಲೋಮೀಟರಿಗಿಂತ ದೊಡ್ಡದಾದ ಕಾಯಗಳಲ್ಲಿ ಬಹುಮಟ್ಟಿಗೆ ಎಲ್ಲವೂ ಪತ್ತೆಯಾಗಿವೆ. ೨೦೨೫ರ ನವೆಂಬರಿನ ವೇಳೆಗೆ ಗುರುತಿಸಿದ ಸಮೀಪಗಾಮಿಗಳ ಒಟ್ಟು ಸಂಖ್ಯೆ ೪೦,೦೦೦ವನ್ನು ದಾಟಿತು. ಆದರೆ ೧೪೦ ಮೀಟರಿಗಿಂತ ದೊಡ್ಡವುಗಳಲ್ಲಿ, ಅಂದಾಜಿನ ಪ್ರಕಾರ, ಆಗ ಅರ್ಧಕ್ಕಿಂತ ಹೆಚ್ಚು ಪತ್ತೆಯಾಗದೆ ಉಳಿದಿದ್ದುವು. ವೈಆರ್೪ರಷ್ಟು ಚಿಕ್ಕವುಗಳಲ್ಲಿ ಗೊತ್ತಾಗಿರುವುದು ಅಲ್ಪಾಂಶ ಮಾತ್ರ. ಆದುದರಿಂದ ನಿಜವಾದ ಅಪಾಯವಿರುವುದು ಪತ್ರಿಕೆಗಳಲ್ಲಿ ಹೆಸರು ಬಂದ ಕಾಯಗಳಲ್ಲಲ್ಲ, ಇನ್ನೂ ಹೆಸರಿಲ್ಲದ ಕಾಯಗಳಲ್ಲಿ.

ಕಾಣುವುದು ಎಷ್ಟರಮಟ್ಟಿಗೆ ಫಲಕಾರಿ ಎಂಬುದಕ್ಕೆ ೨೦೦೮ರ ಸಂಗತಿಯೊಂದನ್ನು ಹೇಳಿ ಮುಗಿಸುತ್ತೇವೆ. ಆ ವರ್ಷದ ಅಕ್ಟೋಬರ್ ೬ರಂದು ಅಮೆರಿಕದಲ್ಲಿ ಕಂಡ, ಸುಮಾರು ನಾಲ್ಕು ಮೀಟರಿನ ೨೦೦೮ ಟಿಸಿ೩ ಎಂಬ ಕಾಯದ ವಿಷಯದಲ್ಲಿ ಸಂಭವ ಕೆಲವೇ ಗಂಟೆಗಳಲ್ಲಿ ಶೇಕಡ ನೂರಕ್ಕೆ ಏರಿ ನಿಂತಿತು. ಅದು ಬೀಳುವ ಸ್ಥಳವನ್ನೂ ಹೊತ್ತನ್ನೂ ಮುಂಚಿತವಾಗಿ ಪ್ರಕಟಿಸಿದರು. ಕಂಡು ಒಂದು ದಿನವೂ ಕಳೆಯುವ ಮುನ್ನ, ಹೇಳಿದಂತೆಯೇ, ಸುಡಾನಿನ ಮರಳುಗಾಡಿನ ಮೇಲೆ ಅದು ಸಿಡಿಯಿತು. ಆ ಡಿಸೆಂಬರಿನಲ್ಲಿ ಖಾರ್ಟೂಮ್ ವಿಶ್ವವಿದ್ಯಾನಿಲಯದ ಅಧ್ಯಾಪಕರೂ ವಿದ್ಯಾರ್ಥಿಗಳೂ ಸಾಲಾಗಿ ನಿಂತು ಮರಳನ್ನು ಹುಡುಕುತ್ತ ನಡೆದು, ಅದರ ಕರಿಯ ತುಣುಕುಗಳನ್ನು ಕೈಯಾರೆ ಆಯ್ದುಕೊಂಡರು. ೨೦೨೫ರ ಅಂಕಿ ಸೊನ್ನೆಗಿಳಿದುದೂ ೨೦೦೮ರ ಅಂಕಿ ನೂರಕ್ಕೇರಿದುದೂ ಒಂದೇ ಗಣಿತದ ಎರಡು ಫಲಗಳು. ಒಂದನ್ನು ತಪ್ಪೆಂದು ತಳ್ಳಿಹಾಕುವವರು ಇನ್ನೊಂದನ್ನು ನಂಬುವ ಹಕ್ಕನ್ನೂ ಕಳೆದುಕೊಳ್ಳುತ್ತಾರೆಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ಮನಗಾಣಿಸಿದರೆ, ಈ ಲೇಖನದ ಉದ್ದೇಶ ಸಫಲವಾದಂತೆ.